ಉಡಚವ್ವನ ಕೈಗುಣ

ಎಮ್ಮೆ ತೊಳೆಯುವ ಪೈಪಿನಿಂದಲೇ ಉಡಚವ್ವನ ಹೆಣಕ್ಕೆ ನೀರು ಬಿಟ್ಟರು. ಮಗ ಫಕೀರೇಶ ಅಂಗಳದ ಆ ತುದಿಗೆ ನಿಂತು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದ. ನೀರು ಅಷ್ಟು ದೂರದಿಂದ ಹಾರಿ ಬಂದು ತಾಯಿಯ ಮುಖಕ್ಕೆ, ಎದೆಗೆ, ಕಾಲಿಗೆ ರಪರಪ ಬಡಿಯುತ್ತಿತ್ತು. ಪೈಪು ಆಡಿದ ಹಾಗೆ ತಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿತು. ಬಾಗಿಲಲ್ಲಿ, ಕಟ್ಟೆಯ ಮೇಲೆ, ಎದುರು ಮನೆಯ ಮಾಳಿಗೆಯ ಮೇಲೆ ಹಮ್ಮಿಗಿ ಊರಿನ ಜನ ಮೂಗಿಗೆ ಸೆರಗು, ಟವೆಲ್ಲು ಒತ್ತಿಕೊಂಡು ನೋಡುತ್ತಿದ್ದರು.

“ಸಾಕು ಬಿಡೋ ಫಕೀರ್ಯಾ, ನೀರು ನಮ್ಮ ಕಡಿ ಹರಿದು ಬರಾಕತ್ತೈತಿ,” ಎಂದು ಯಮನೂರಪ್ಪ ಕಾಲೆತ್ತಿ ಕಟ್ಟೆಯ ಮೇಲಿಟ್ಟ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಎಮ್ಮೆ ಕಟ್ಟಿದವನು ಅವನು. ದಿನಾ ಬೆಳಗ್ಗೆ ಮುಂಡರಗಿಗೆ ಕ್ಯಾನುಗಟ್ಟಲೆ ಹಾಲು ಕಳಿಸುವವನು. ಆ ಎಮ್ಮೆಗಳಲ್ಲಿ ಉಡಚವ್ವನ ಕೈಯಿಂದ ಭೂಮಿಗೆ ಬೀಳದ ಒಂದೂ ಇರಲಿಲ್ಲ.

“ಅರಿಷಿಣ ಹಚ್ಚಬೇಕಲ್ರಿ,” ಎಂದಳು ಸೊಸೆ ಮಮತಾ. “ಮುತ್ತೈದಿ ಅದಾರ. ಹಂಗ ಕಳಸ್ತೀರೇನು?”

ಹೆಂಗಸರು ಹಿಂದೆ ಸರಿದರು. ಹಿಂದಿನ ಸಂಜೆ ಗದಗಿನ ದವಾಖಾನೆಯಿಂದ ಹೆಣ ತಂದ ಗಾಡಿಯ ಬೆನ್ನಿಗೇ ಖಬರೂ ಬಂದಿತ್ತು: ಉಡಚವ್ವ ಸತ್ತದ್ದು ದನದ ರೋಗದಿಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ಇದು. ಬೆಳಗಾಗುವುದರೊಳಗೆ ಆ ರೋಗ ಹೆಣದ ಗಾಳಿಗೂ ಬರುತ್ತದೆ, ಹೆಣದ ನೆರಳಿಗೂ ಬರುತ್ತದೆ ಎಂದಾಗಿತ್ತು.

“ಸತ್ತವರ ಮೈ ಮುಟ್ಟಿದ್ರ ಬರಂಗಿಲ್ರಿ,” ಮಮತಾ ಮತ್ತೆ ಹೇಳಿದಳು. “ಡಾಕ್ಟರ್ ನನ್ನ ಮುಂದನ ಹೇಳ್ಯಾರ. ಅದು ದಿನಾ ತುಂಬೂದ್ರಾಗ ಕಂದು ಹಾಕಿದ ಎಮ್ಮಿ ಮಾಸಿನಾಗ ಇರತೈತಿ, ರಕ್ತದಾಗ, ಹಸಿ ಹಾಲಿನಾಗ ಇರತೈತಿ. ಇವರ ಮೈಮ್ಯಾಲೆ ಏನಿಲ್ರಿ. ಬಿಡ್ರಿ, ನಾ ಹಚ್ಚತೇನಿ.”

ಅರಿಷಿಣದ ಬಟ್ಟಲು ಹಿಡಿದು ಎರಡು ಹೆಜ್ಜೆ ಇಟ್ಟಿದ್ದಳು. ನೆರೆಮನೆಯ ಮುದುಕಿ ಮಾಳವ್ವ ಓಡಿ ಬಂದು ರಟ್ಟೆ ಹಿಡಿದು ಎಳೆದಳು.

“ಹುಚ್ಚಿ ಅದಿಯೇನಬೇ? ಬಸರಿ ಹೆಂಗಸು ಹೆಣಾ ಮುಟ್ಟತಾಳೇನು? ಹೊಟ್ಯಾಗಿನ ಕೂಸಿಗಿ ಏನರ ಆದ್ರ ಯಾರು ಜವಾಬ್ದಾರು? ಒಳಗ ನಡಿ.”

ಎಲ್ಲರಿಗೂ ಅದು ಸರಿ ಅನಿಸಿತು. ಬಸುರಿಯ ಮೇಲೆ ಊರಿಗೆ ಎಷ್ಟು ಕಾಳಜಿ! ಅರಿಷಿಣದ ಬಟ್ಟಲು ಕಟ್ಟೆಯ ಮೇಲೆ ಉಳಿಯಿತು. ಮುತ್ತೈದೆಯಾಗಿ ಸತ್ತ ಉಡಚವ್ವ ಬರಿಗೆನ್ನೆಯಲ್ಲೇ ಸಿದಿಗೆಗೆ ಕಾದಳು.

ಈಗ ಎತ್ತುವವರು ಯಾರು? ಹೊಳೆಯಪ್ಪ ಹೆಂಡತಿಯ ಹೆಣದ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿದ. ಫಕೀರೇಶ ಏನೋ ನೆನಪಾಗಿ ಒಳಗೆ ಓಡಿದ. ದೇವರ ಮಾಡದಲ್ಲಿ ಪಟದ ಹಿಂದೆ ತುರುಕಿದ್ದ ಒಂದು ಪಾಕೀಟು ಹಿಡಿದು ಬಂದ. ಒಳಗಿದ್ದದ್ದು ಭುಜದ ತನಕ ಏರುವ ಉದ್ದನೆಯ ಪ್ಲಾಸ್ಟಿಕ್ ಕೈಗವಸುಗಳು. ದನದ ಡಾಕ್ಟರ್ ಜಾಹೀದ ಉಡಚವ್ವನಿಗೆಂದೇ ಕೊಟ್ಟಿದ್ದು. ಹೊರುವವರು ಒಬ್ಬೊಬ್ಬರಾಗಿ ಬಂದು ಕೈ ಚಾಚಿ ತೊಡಿಸಿಕೊಂಡರು.

“ನಾಕು ಮಂದಿಗೆ ಸರಿಹೋತು ನೋಡ್ರಿ,” ಎಂದ ಫಕೀರೇಶ. ತಾಯಿ ಸತ್ತ ಮೇಲೆ ಅವನ ಮುಖದಲ್ಲಿ ಮೊದಲ ಸಲ ಸಮಾಧಾನ ಕಂಡಿತು.

“ರೀ, ಒಂದು ಜೋಡಿ ಇಟ್ಟು ಹೋಗ್ರಿ,” ಮಮತಾ ಬಾಗಿಲಿಂದಲೇ ಕೂಗಿದಳು. “ಕರೆವ್ವ ಮುಂಜಾನಿಯಿಂದ ಮೇವು ಮುಟ್ಟಿಲ್ಲ. ಬಾಲಾ ಎತ್ತಿ ಎತ್ತಿ ನಿಂದರಾಕತ್ತೈತಿ. ದಿನಾ ತುಂಬಿಲ್ಲ ಅದಕ್ಕ. ಕಂದು ಹಾಕತೈತೇನೋ.”

“ಎಮ್ಮಿಗಿ ಯಾವಾಗಿಂದ ಗ್ಲೌಸ್ ಬೇಕಾದ್ವು?” ಎಂದ ಮಾವ ಹೊಳೆಯಪ್ಪ. “ಹೆಣಾ ಮುಂದಿಟ್ಕೊಂಡು ಎಮ್ಮಿ ಮಾತು ಆಡಬ್ಯಾಡ. ಒಳಗ ಹೋಗು.”

ಊರು ಉಪಕಾರ ಅರಿಯದು, ಹೆಣ ಸಿಂಗಾರ ಅರಿಯದು ಅನ್ನುತ್ತಾರೆ. ಉಡಚವ್ವನ ಅಂಗಳದಲ್ಲಿ ಆ ಬೆಳಗ್ಗೆ ಎರಡೂ ಖರೆ ಆದವು.

*

ಶಿರಹಟ್ಟಿ ಕಡೆಯಿಂದ ಈ ಹೊಳೆಸಾಲಿನ ಊರಿಗೆ ಸೊಸೆಯಾಗಿ ಬಂದಾಗ ಉಡಚವ್ವನಿಗೆ ಎಮ್ಮೆ ಎಂದರೆ ಹೆದರಿಕೆ. ತವರಿನಲ್ಲಿ ಆಡು ಕಟ್ಟಿದವರು. ಫಕೀರೇಶ ಇನ್ನೂ ಅಂಬೆಗಾಲಿಡುತ್ತಿದ್ದಾಗ ಮನೆಯ ಎಮ್ಮೆಗೆ ಕರು ಅಡ್ಡ ಸಿಕ್ಕಿತು. ಗಂಡಸರ ಕೈ ಒಳಗೆ ಹೋಗಲಿಲ್ಲ. “ನಿನ್ನ ಕೈ ಸಣ್ಣದೈತಿ, ಹಾಕು,” ಎಂದಳು ಅತ್ತೆ. ಉಡಚವ್ವ ಕಣ್ಣು ಮುಚ್ಚಿ ಮೊಳಕೈ ದಾಟುವ ತನಕ ಹಾಕಿದಳು. ಬೆರಳು ತಡಕಾಡಿ ಒಂದು ಗೊರಸು ಸಿಕ್ಕಿತು, ಇನ್ನೊಂದು ಸಿಕ್ಕಿತು, ನಡುವೆ ಒಂದು ಒದ್ದೆ ಮೂಗು. ಹದವಾಗಿ ತಿರುವಿ ಎಳೆದಳು. ಕರು ಬಂತು, ಅದರ ಹಿಂದೆಯೇ ಹೆಸರೂ ಬಂತು.

ಅಂದಿನಿಂದ ಯಾರ ಮನೆಯ ಎಮ್ಮೆ ಈಯುವ ಬ್ಯಾನಿ ತಿಂದರೂ ಅವಳಿಗೇ ಕರೆ. ಒಲೆಯ ಮೇಲೆ ರೊಟ್ಟಿ ಬಿಟ್ಟು ಹೋಗಬೇಕು, ಜ್ವರ ಇದ್ದರೂ ಹೋಗಬೇಕು. ಕರು ತೆಗೆದು ಮಾಸು ಬಿಡಿಸುವುದೂ ಅವಳೇ, ಅದನ್ನು ಹುಲ್ಲಿನಲ್ಲಿ ಸುತ್ತಿ ಹೊಳೆ ದಾರಿಯ ಆಲದ ಮರಕ್ಕೆ ಕಟ್ಟುವುದೂ ಅವಳೇ. ಆಲದ ಟೊಂಗೆ ಮುರಿದರೆ ಹಾಲು ಸುರಿಯುವಂತೆ ಎಮ್ಮೆಯೂ ಸುರಿಯಲಿ ಎಂದು ಊರಿನ ನಂಬಿಕೆ. ಕಂದು ಹಾಕಿದ ಎಮ್ಮೆಯಾದರಂತೂ ಉಳಿದವರು ಅಪಶಕುನವೆಂದು ಹತ್ತಿರ ಸುಳಿಯುತ್ತಿರಲಿಲ್ಲ. ಸತ್ತ ಕರು, ಕೊಳೆತ ಮಾಸು ಎಲ್ಲವೂ ಅವಳ ಪಾಲು. ಇದಕ್ಕೆಲ್ಲ ಅವಳಿಗೆ ಸಿಗುತ್ತಿದ್ದದ್ದು ಒಂದು ತಂಬಿಗೆ ಗಿಣ್ಣದ ಹಾಲು, ಮತ್ತೆ ಒಂದು ಮಾತು: “ಉಡಚವ್ವನ ಕೈಗುಣ ಯಾರಿಗೂ ಬರಂಗಿಲ್ಲ ಬಿಡ್ರಿ.”

ಊರಿನ ಎಮ್ಮೆಗಳು ಈಯುತ್ತ ಹೋದವು. ಉಡಚವ್ವನ ಬಸಿರು ಮಾತ್ರ ಫಕೀರೇಶನ ನಂತರ ಒಂದೂ ನಿಲ್ಲಲಿಲ್ಲ. ನಾಲ್ಕು ಸಲ ಆಯಿತು, ನಾಲ್ಕು ಸಲವೂ ಬಿತ್ತು. ಸಂಜೆಯಾದರೆ ಜ್ವರ, ಮೈತುಂಬ ಬೆವರು, ಸೊಂಟ ಹಿಡಿದು ಏಳಲಾರದ ನೋವು. “ಕೆಲಸಗಳ್ಳಿ,” ಎಂದಳು ಅತ್ತೆ. ಹೊಳೆಯಪ್ಪನಂತೂ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಾಗಲೇ ಹೇಳುತ್ತಿದ್ದ: “ಕಂದು ಹಾಕೋ ಎಮ್ಮೀನ ಸಂತಿಗಿ ಹೊಡೀತಾರ. ಇಕಿನ್ನ ಎಲ್ಲಿಗಿ ಹೊಡೀಲಿ?” ನಾಲ್ಕು ಮಂದಿ ನಗುತ್ತಿದ್ದರು. ಅವಳು ಅದೇ ನಾಲ್ವರಿಗೆ ಚಹಾ ತಂದು ಕೊಡುತ್ತಿದ್ದಳು.

*

ಹೋದ ವರ್ಷ ಊರಿನಲ್ಲಿ ಎಮ್ಮೆಗಳು ಸಾಲುಸಾಲಾಗಿ ಕಂದು ಹಾಕಿದಾಗ ಡಾಕ್ಟರ್ ಜಾಹೀದ ಮುಂಡರಗಿಯಿಂದ ಬಂದು ರಕ್ತ ತೆಗೆದುಕೊಂಡು ಹೋದ. ಹರೆಯದ ಮನುಷ್ಯ, ಮಾತು ಕಡಿಮೆ. ವಾರ ಬಿಟ್ಟು ಬಂದವನು ಯಮನೂರಪ್ಪನ ಕೊಟ್ಟಿಗೆಯಲ್ಲಿ ನಿಂತು ಹೇಳಿದ: ಇದು ಕಂದು ಹಾಕುವ ರೋಗ, ಮನುಷ್ಯರಿಗೂ ಬರುತ್ತದೆ, ರೋಗ ಇರುವ ಎಮ್ಮೆಗಳನ್ನು ಬೇರೆ ಕಟ್ಟಿ, ಹಾಲು ಕಾಯಿಸಿ ಕುಡಿಯಿರಿ, ಮಾಸನ್ನು ಮರಕ್ಕೆ ಕಟ್ಟಬೇಡಿ, ಸುಣ್ಣ ಹಾಕಿ ಹೂಳಿ. ರೋಗ ಇದ್ದ ಎಮ್ಮೆಗಳಲ್ಲಿ ಹೊಳೆಯಪ್ಪನ ಕರೆವ್ವನೂ ಒಂದು. ಹೊಳೆಯಪ್ಪ ತಲೆಯಾಡಿಸಿದ, ಕರೆವ್ವನನ್ನು ಅದೇ ಗೂಟಕ್ಕೇ ಕಟ್ಟಿದ.

ಉಡಚವ್ವನಿಗೆ ಜಾಹೀದ ಪಾಕೀಟು ಕೊಟ್ಟ. “ಅವ್ವಾರ, ಇದನ್ನ ಹಾಕ್ಕೊಳ್ಳದ ಕೈ ಹಾಕಬ್ಯಾಡ್ರಿ. ನಿಮ್ಮ ಜ್ವರಾನೂ ಅದರಿಂದನ ಇರಬೇಕು. ಗದಗಕ್ಕ ಹೋಗಿ ರಕ್ತ ತೋರಸ್ರಿ.”

ಅವಳು ಒಂದು ಸಲ ಹಾಕಿಕೊಂಡಳು. ಯಮನೂರಪ್ಪನ ಎಮ್ಮೆಗೆ. ಕರು ಸತ್ತೇ ಬಂತು; ಅದು ಒಳಗೇ ಸತ್ತು ಎರಡು ದಿನವಾಗಿತ್ತು. ಯಮನೂರಪ್ಪ ಕೊಟ್ಟಿಗೆಯ ಸೂರು ಹಾರುವ ಹಾಗೆ ಕೂಗಿದ.

“ಪ್ಲಾಸ್ಟಿಕ್ ಹಾಕ್ಕೊಂಡ್ರ ಕೈಗುಣ ಹತ್ತತೈತೇನಬೇ? ಕೈ ಮೈಗಿ ಮುಟ್ಟಬೇಕು, ಬಿಸಿ ಬಿಸಿಗಿ ಹತ್ತಬೇಕು. ನಿನಗ ನಮ್ಮ ಎಮ್ಮಿ ಹೇಸಿಗಿ ಆತೇನು?”

ಮಾತು ಊರೆಲ್ಲ ತಿರುಗಿತು. ಮುಂದಿನ ಮನೆಗೆ ಹೋದಾಗ ಬಾಗಿಲಲ್ಲೇ ಕೇಳಿದರು, “ಬರಿಗೈಲೆ ಬಂದಿ ಹೌದಿಲ್ಲೋ?” ಊರು ಅವಳಿಗೆ ಕೊಟ್ಟದ್ದು ಆ ಒಂದು ಹೆಸರು ಮಾತ್ರ. ಅದನ್ನು ಕಳೆದುಕೊಳ್ಳಲು ಅವಳಿಗೂ ಮನಸ್ಸಾಗಲಿಲ್ಲ. ಪಾಕೀಟನ್ನು ದೇವರ ಮಾಡದಲ್ಲಿ ಪಟದ ಹಿಂದೆ ತುರುಕಿದಳು. ಗದಗಿಗೆ ಹೋಗುವುದು ಸುಗ್ಗಿ ಮುಗಿಯಲಿ, ಹಬ್ಬ ಮುಗಿಯಲಿ ಎಂದು ಮುಂದೆ ಹೋಯಿತು.

*

ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಊರ ಹೊರಗೆ ಸಾಗಿದ ಮೇಲೆ ಹೆಂಗಸರು ಅಂಗಳ ಸಾರಿಸಲು ನಿಂತರು. ಮಮತಾ ಹಿತ್ತಲ ಕೊಟ್ಟಿಗೆಗೆ ಹೋಗಿ ಬಾಗಿಲಲ್ಲೇ ನಿಂತಳು. ಕರೆವ್ವ ಮಲಗಿತ್ತು. ಕಾಲು ಸೆಟೆದು, ಕುತ್ತಿಗೆ ಚಾಚಿ ತಿಣುಕುತ್ತಿತ್ತು. ಬಾಲದ ಕೆಳಗೆ ಕಂದು ಬಣ್ಣದ ನೀರು, ಕೆಟ್ಟ ವಾಸನೆ. ಒಂದೇ ಒಂದು ಗೊರಸು ಹೊರಗೆ ಕಾಣುತ್ತಿತ್ತು.

ಅವಳು ಜಾಹೀದನಿಗೆ ಫೋನು ಮಾಡಿದಳು.

“ಹೊಂಟೇನ್ರಿ ಅಕ್ಕಾ,” ಎಂದ ಅವನು. “ನಾ ಬರೋ ತನಕ ಯಾರೂ ಕೈ ಹಾಕಬ್ಯಾಡ್ರಿ. ನೀವಂತೂ ಕೊಟ್ಟಿಗಿ ಒಳಗ ಹೋಗಬ್ಯಾಡ್ರಿ.”

ಬೆನ್ನ ಹಿಂದೆ ಮಾಳವ್ವ ಬಂದು ನಿಂತಿದ್ದಳು. ಎಮ್ಮೆಯನ್ನು ನೋಡಿದಳು, ಮಮತಾಳ ಕೈಯನ್ನು ನೋಡಿದಳು.

“ಕರಾ ಅಡ್ಡ ಸಿಕ್ಕೈತಿ. ಡಾಕ್ಟರ್ ಬರೂದ್ರಾಗ ಎಮ್ಮಿ ಹೋಗಿರತೈತಿ. ನಿನ್ನ ಕೈ ಸಣ್ಣದೈತಿ, ನಿಮ್ಮತ್ತಿ ಕೈ ಇದ್ದಂಗ.”

“ನಾ ಹಾಕಂಗಿಲ್ಲ ಆಯಿ.”

“ಯಾಕ?”

“ಅತ್ತಿಗಿ ಆಣಿ ಮಾಡೇನಿ.”

*

ಎರಡು ದಿನದ ಹಿಂದೆ ಗದಗಿನ ದವಾಖಾನೆಯಲ್ಲಿ ಕಿಟಕಿ ಪಕ್ಕದ ಮಂಚದಲ್ಲಿ ಉಡಚವ್ವ ಮಲಗಿದ್ದಳು. ರೋಗ ಹೃದಯಕ್ಕೆ ಇಳಿದಿದೆ, ತಡವಾಗಿ ಬಂದಿದ್ದೀರಿ ಎಂದಿದ್ದರು. ಡಾಕ್ಟರಮ್ಮ ಒಳ್ಳೆಯ ಹೆಂಗಸು, ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದಳು. ಬಸಿರು ಬಿದ್ದದ್ದು ಉಂಟೇ ಎಂದು ಕೇಳಿದಳು. ಉಡಚವ್ವ ನಾಲ್ಕು ಬೆರಳು ತೋರಿಸಿದಳು. “ಅದಕ್ಕೂ ಈ ರೋಗವೇ ಕಾರಣ ಇರಬಹುದಮ್ಮಾ,” ಎಂದು ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದಳು.

ಉಡಚವ್ವ ತೋರಿಸಿದ ನಾಲ್ಕು ಬೆರಳನ್ನು ಮಡಚಲೇ ಇಲ್ಲ. ಅವನ್ನೇ ನೋಡುತ್ತ ಕೇಳಿದಳು:

“ಹಂಗಾರ ನಾನ ತಂದು ಹಾಕ್ಕೊಂಡೆನೇನ ಮಮತವ್ವಾ? ಊರ ಕರಾ ಎಳದೂ ಎಳದೂ ನನ್ನ ಕೂಸು ನಾನ ಎಳದು ಚೆಲ್ಲಿದೆನೇನು?”

 ಮಮತಾ ಅತ್ತುಬಿಟ್ಟಳು. ಉಡಚವ್ವ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು; ಇಷ್ಟು ವರ್ಷದ ಸಂಸಾರದಲ್ಲಿ ಸೊಸೆ ಕಾಣದಿದ್ದ ಸಿಟ್ಟು.

“ಕಟ್ಟಿ ಮ್ಯಾಲೆ ಕುಂತು ಎಲ್ಲಾರೂ ನಕ್ಕರಲ್ಲ. ನಾ ಚಾ ಮಾಡಿ ಕೊಟ್ಟೆನಲ್ಲ.” ಆಮೇಲೆ ಮಮತಾಳ ಮಣಿಕಟ್ಟು ಹಿಡಿದಳು. ಜ್ವರದಲ್ಲೂ ಆ ಹಿಡಿತ ಕರು ಎಳೆಯುವ ಹಿಡಿತವೇ. “ನೀ ಕೈ ಹಾಕಬ್ಯಾಡ. ಎಮ್ಮಿ ಸತ್ರ ಸಾಯ್ಲಿ. ನಾ ಸತ್ತೆ ಅಂತ ಮನ್ಯಾಗ ನಿನ್ನ ಕರೀತಾರ, ನನಗ ಗೊತ್ತೈತಿ. ಹೊಟ್ಟಿ ಮುಟ್ಟಿ ಆಣಿ ಮಾಡು.”

ಮಮತಾ ಹೊಟ್ಟೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮರುದಿನ ಉಡಚವ್ವ ಹೋದಳು.

*

ಮಣ್ಣು ಕೊಟ್ಟು ಬಂದ ಗಂಡಸರು ಕಾಲು ತೊಳೆದು ದೀಪ ನೋಡುವುದಕ್ಕೂ ನಿಲ್ಲಲಿಲ್ಲ. ಎಮ್ಮೆಯ ಕೂಗು ಊರ ಅಗಸಿ ಬಾಗಿಲ ತನಕ ಕೇಳಿತ್ತು. ಕೊಟ್ಟಿಗೆಯ ಮುಂದೆ ಗುಂಪು ಕೂಡಿತು. ಬೆಳಗ್ಗೆ ಮಾಳಿಗೆ ಏರಿ ನಿಂತವರೂ ಈಗ ಗೋದಲಿಗೆ ಒರಗಿ ನಿಂತಿದ್ದರು. ಎಮ್ಮೆಗೆ ಹೆದರುವುದು ಏನಿದೆ?

“ಗ್ಲೌಸ್ ಎಲ್ಲ್ಯಾವ್ರಿ?” ಮಮತಾ ಗಂಡನನ್ನು ಕೇಳಿದಳು.

“ಕುಣ್ಯಾಗ ಒಗದ್ವಿ,” ಎಂದ ಫಕೀರೇಶ. “ಹೆಣಾ ಮುಟ್ಟಿದ್ದು, ಮನಿಗಿ ತರ್ತಾರೇನು?”

“ಡಾಕ್ಟರ್ ಬರಾಕತ್ತಾರ. ಅರ್ಧಾ ದಾರಿ ಬಂದಿರತಾರ. ತಡೀರಿ.”

ಹೊಳೆಯಪ್ಪನ ಕಣ್ಣು ಕೆಂಪಾಗಿತ್ತು. ಹೆಂಡತಿಗಾಗಿ ಅತ್ತದ್ದೋ, ಎಮ್ಮೆಗಾಗಿಯೋ, ಅವನಿಗೇ ಗೊತ್ತು. “ಇಕಿನೂ ಹೋದ್ಲು. ಈಗ ಎಮ್ಮಿನೂ ಹೋಗ್ಲೇನು? ಒಂದ ದಿನಾ ಎರಡು ಹೆಣಾ ತಗೀಲೇನು ನಾ? ಹಾಕು ಕೈ.”

“ಮಾವಾರ, ನಾ ನಾಕು ತಿಂಗಳ ಬಸರಿ ಅದೇನ್ರಿ. ಅತ್ತಿಗಿ ಆಣಿ ಮಾಡೇನ್ರಿ. ಅತ್ತಿ ಕೂಸು ಎಲ್ಲಾ ಇದರಿಂದನ ಹೋದುವ್ರಿ.”

“ಸತ್ತವರ ಆಣಿ ಮಣ್ಣಾಗ ಹೋತು ಬಿಡ ತಂಗಿ,” ಎಂದ ಯಮನೂರಪ್ಪ ಮೆಲ್ಲಗೆ, ಬುದ್ಧಿ ಹೇಳುವವನಂತೆ. “ಮನಿತನದ ಗುಣಾ ಅದು. ಅತ್ತಿಯಿಂದ ಸೊಸಿಗೆ ಬರತೈತಿ. ದೇವರು ಕೊಟ್ಟದ್ದು ಒಲ್ಲೆ ಅನಬಾರದು.”

“ಹಂಗಾರ ನೀವ ಹಾಕ್ರಿ.”

ಯಮನೂರಪ್ಪ ತನ್ನ ಕೈಗಳನ್ನು ಎತ್ತಿ ತೋರಿಸಿದ. “ಸಿದಿಗಿ ಮುಟ್ಟಿದ ಕೈ ನಮ್ಮುವು. ಸೂತಕದ ಕೈಲೆ ಈಯೋ ಎಮ್ಮಿ ಮುಟ್ಟತಾರೇನು?”

ಮುಟ್ಟದ ಕೈ ಮನೆಯಲ್ಲಿ ಒಂದೇ ಜೊತೆ ಇತ್ತು. ಬೆಳಗ್ಗೆ ಅದನ್ನು ಹೆಣದಿಂದ ಕಾಪಾಡಿದವಳು ಮಾಳವ್ವ. ಈಗ ಅದರಿಂದ ಬಳೆ ಕಳಚಲು ಎಣ್ಣೆ ತಂದವಳೂ ಮಾಳವ್ವನೇ. ಮಮತಾ ಗಂಡನ ಮುಖ ನೋಡಿದಳು. ಫಕೀರೇಶ ಗೂಟ ನೋಡಿದ, ಸೂರು ನೋಡಿದ, ಕಡೆಗೆ ಹೇಳಿದ:

“ಒಂದ ಸಲಾ ಹಾಕಿದ್ರ ಏನಾಗತೈತಿ? ಅವ್ವ ಜೀವಮಾನಾ ಎಲ್ಲಾ ಹಾಕಿದ್ಲು.”

ಮಮತಾ ಗೂಟಕ್ಕೆ ತೂಗುಹಾಕಿದ್ದ ಒಂದು ಕ್ಯಾರಿಬ್ಯಾಗು ಎಳೆದುಕೊಂಡು ಕೈಗೆ ಹಾಕಿಕೊಂಡಳು, ಮೇಲೆ ಹುರಿ ಸುತ್ತಿ ಹಲ್ಲಿನಿಂದ ಬಿಗಿದಳು. ಗೊರಸಿನ ಪಕ್ಕ ಕೈ ಇಡುವುದರೊಳಗೆ ಅದು ಜಾರಿತು. ಮತ್ತೆ ಬಿಗಿದಳು. ಹೊಳೆಯಪ್ಪ ಬಂದು ಅದನ್ನು ಕಿತ್ತು ಸಗಣಿಯ ಗುಂಡಿಗೆ ಎಸೆದ.

“ನಾಟಕ ಮಾಡಬ್ಯಾಡ. ಎಮ್ಮಿ ಸತ್ರ ನೀನೂ ನಿಮ್ಮಪ್ಪನ ಮನಿಗಿ ನಡಿ.”

ಕರೆವ್ವ ಮತ್ತೊಮ್ಮೆ ತಿಣುಕಿತು. ಮಮತಾ ಮುಖ ಹೊರಳಿಸಿ ಕೈ ಹಾಕಿದಳು. ಒಳಗೆ ಬಿಸಿ ಇತ್ತು. ಇನ್ನೊಂದು ಗೊರಸು ಹಿಂದಕ್ಕೆ ಮಡಚಿಕೊಂಡಿತ್ತು. ಯಾರೂ ಹೇಳಿಕೊಡಲಿಲ್ಲ, ಬೆರಳಿಗೆ ಅದು ಹೇಗೋ ತಿಳಿಯಿತು. ತಿಳಿದದ್ದೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ತಿರುವಿದಳು, ಎಳೆದಳು. ಕೂದಲು ಮೂಡದ, ನೀಲಿಗಟ್ಟಿದ ಸತ್ತ ಕರು ಜಾರಿ ಅವಳ ಮಡಿಲಿಗೆ ಬಿತ್ತು. ಹಿಂದೆಯೇ ಬಳಬಳ ನೀರು, ರಕ್ತ, ಮಾಸಿನ ತುಂಡುಗಳು. ಸೀರೆ ಒದ್ದೆಯಾಗಿ ಹೊಟ್ಟೆಗೆ ಅಂಟಿತು.

ಕರೆವ್ವ ಕೊಸರಾಡಿ ಎದ್ದು ನಿಂತಿತು. ಗುಂಪು ಹೋ ಎಂದಿತು.

“ಎಮ್ಮಿ ಉಳೀತಲ್ಲ, ಸಾಕು!” ಮಾಳವ್ವ ನೆಟಿಗೆ ಮುರಿದಳು. “ಉಡಚವ್ವ ಎಲ್ಲೂ ಹೋಗಿಲ್ಲ, ಇಲ್ಲೇ ಅದಾಳ. ಅದ ಕೈಗುಣ!”

“ನಾ ಹೇಳಿದ್ದಿಲ್ಲೇನು?” ಯಮನೂರಪ್ಪ ಇನ್ನೂ ಹತ್ತಿರ ಬಂದು ಬಗ್ಗಿದ. “ತಂಗಿ, ನಮ್ಮ ಮನ್ಯಾಗ ಎರಡು ಎಮ್ಮಿ ದಿನಾ ತುಂಬ್ಯಾವು. ಕರಿ ಕಳಸ್ತೇನಿ, ಬರಬೇಕು ನೀ.”

ಆಗ ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ಜಾಹೀದ ಚೀಲ ಹಿಡಿದು ಹಿತ್ತಲಿಗೆ ಓಡಿ ಬಂದ. ಒಂದು ಕೈಗೆ ಉದ್ದನೆಯ ಕೈಗವಸು ಆಗಲೇ ಹಾಕಿಕೊಂಡಿದ್ದ. ಎಮ್ಮೆಯನ್ನು ನೋಡಿದ, ಕರುವನ್ನು ನೋಡಿದ, ಕಡೆಗೆ ಮಮತಾಳ ತೋಳುಗಳನ್ನು ನೋಡಿ ಅಲ್ಲೇ ನಿಂತ.

“ಯಾರ್ರಿ ಇವರನ್ನ ಕೈ ಹಾಕಸಿದವರು?” ಅವನು ಗುಂಪಿನ ಕಡೆ ತಿರುಗಿದ. “ಇವರ ಅತ್ತೀನ್ನ ಕೊಂದ ರೋಗ ಇದರಾಗನ ಐತ್ರಿ, ಈಗ ಇವರ ಮೈಮ್ಯಾಲೆ ಐತಿ. ನೀರು, ಸಾಬೂನು ತರ್ರಿ, ಜಲ್ದಿ!”

ಆ ಮಾತು ಜನರಿಗೆ ಈಗ ತಿಳಿಯಿತು. ಗೋದಲಿಗೆ ಒರಗಿದವರು ಸರಿದರು. ಮಾಳವ್ವ ಸೆರಗು ಮೂಗಿಗೆ ಒತ್ತಿಕೊಂಡು ಹಿಂದೆ ಹೆಜ್ಜೆ ಇಟ್ಟಳು. ಒಬ್ಬರ ಕಾಲು ಒಬ್ಬರು ತುಳಿಯುತ್ತ ಎಲ್ಲರೂ ಹಿತ್ತಲಿನಿಂದ ಅಂಗಳಕ್ಕೆ, ಅಂಗಳದಿಂದ ಕಟ್ಟೆಗೆ ಹೋದರು. ಸಾಬೂನಿನ ತುಂಡನ್ನು ಯಾರೋ ದೂರದಿಂದಲೇ ಎಸೆದರು. ಅದು ಅವಳ ಕಾಲ ಬಳಿ ಮಣ್ಣಿನಲ್ಲಿ ಬಿತ್ತು. ಜಾಹೀದ ಅದನ್ನು ಹೆಕ್ಕಿಕೊಂಡು ಅವಳನ್ನು ಅಂಗಳಕ್ಕೆ ನಡೆಸಿಕೊಂಡು ಬಂದ. ಬೆಳಗ್ಗೆ ಉಡಚವ್ವನನ್ನು ಮಲಗಿಸಿದ ಜಾಗ ಇನ್ನೂ ಹಸಿಯಿತ್ತು. ಅಲ್ಲೇ ನಿಲ್ಲಿಸಿದ.

ಫಕೀರೇಶ ಅಂಗಳದ ಆ ತುದಿಗೆ ಹೋಗಿ ಪೈಪು ಎತ್ತಿಕೊಂಡ. ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹೆಂಡತಿಯ ಮೇಲೆ ನೀರು ಬಿಟ್ಟ.

ಮಮತಾ ಎರಡೂ ಕೈಗಳನ್ನು ಹೊಟ್ಟೆಯಿಂದ ಆದಷ್ಟು ದೂರ ಚಾಚಿ ನಿಂತಿದ್ದಳು. ನೀರು ಕೆಂಪಗೆ ಇಳಿದು ಕಟ್ಟೆಯ ಕಡೆ ಹರಿಯಿತು. ಯಮನೂರಪ್ಪ ಕಾಲೆತ್ತಿಕೊಂಡ.